ಕರೆಂಟ್ ಚಪ್ಪರದ ನೀರು

ಹೋದ ತಿಂಗಳು ಗುಬ್ಬಿಯಲ್ಲಿ ನೆಂಟರ ಮನೆ ನಾಮಕರಣಕ್ಕೆ ಹೋಗಿದ್ದೆ. ಶಾಮಿಯಾನದವರು ಮಳೆಯಲ್ಲಿ ನೆನೆದ ಬಟ್ಟೆಯನ್ನು ಒಣಗಿಸದೆ ಸುತ್ತಿಟ್ಟಿದ್ದರೋ ಏನೋ, ಬಿಚ್ಚಿದ ಕೂಡಲೇ ಬೂಷ್ಟಿನ ವಾಸನೆ ಗಪ್ಪೆಂದು ಬಂತು. ಅಕ್ಕಪಕ್ಕದ ಹೆಂಗಸರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಇನ್ನೊಂದು ಸಲ ಉಸಿರೆಳೆದುಕೊಂಡೆ. "ಏನೇ, ಸೆಂಟು ಅಂದ್ಕೊಂಡ್ಯಾ?" ಅಂತ ಪಕ್ಕದವಳು ನಕ್ಕಳು. ಅವಳಿಗೆ ಹೇಗೆ ಹೇಳಲಿ? ಆ ವಾಸನೆಯ ಕೆಳಗೆ ನಾನು ಒಂದು ಇಡೀ ಮಳೆಗಾಲ ಅನ್ನ ಬೇಯಿಸಿದ್ದೇನೆ. ಆ ಮಳೆಗಾಲದಲ್ಲಿ ನನಗೆ ಏನು ಅರ್ಥವಾಯಿತು, ಏನು ಅರ್ಥವಾಗಲಿಲ್ಲ ಅನ್ನುವುದು ಇವತ್ತಿಗೂ ಕಲಸುಮೇಲೋಗರ.

ನಮ್ಮದು ಕುಣಿಗಲ್ಲಿನಿಂದ ಹುಲಿಯೂರುದುರ್ಗಕ್ಕೆ ಹೋಗುವ ರಸ್ತೆಯ ಪಕ್ಕದ ಊರು. ನಾನು ಕುಣಿಗಲ್ಲಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆ. ನಮ್ಮ ಯಜಮಾನರ ಹೆಸರು ಮಹೇಶ. ಗಂಡನ ಹೆಸರು ಹೇಳಬಾರದು ಅಂತಾರೆ, ಬರೆಯಬಾರದು ಅಂತ ಯಾರೂ ಹೇಳಿಲ್ಲ. ತುಮಕೂರಿನಲ್ಲಿ ಟೆಂಪೋ ಟ್ರಾವೆಲರ್ ಇಟ್ಟುಕೊಂಡು ಮದುವೆ ದಿಬ್ಬಣ, ತೀರ್ಥಯಾತ್ರೆ ಅಂತ ಬಾಡಿಗೆ ಓಡಿಸುತ್ತಿದ್ದರು. ಸೊಂಟ ಹಿಡಿಯಿತು, ಬಾಡಿಗೆ ಸಾಕು ಅನ್ನಿಸಿತು. ಆದರೆ ಗಾಡಿ ಮಾರಲು ಮನಸ್ಸು ಬರಲಿಲ್ಲ. ಬಾಡಿ ಕಟ್ಟುವ ಶೆಡ್ಡಿನಲ್ಲಿ ಬಿಟ್ಟು, ಸೀಟುಗಳನ್ನು ಕೀಳಿಸಿ, ಒಳಗೆ ಮಂಚ, ಕಪಾಟು, ಪಾತ್ರೆ ತೊಳೆಯುವ ಸಿಂಕು ಎಲ್ಲ ಕೂರಿಸಿದರು. "ಇದ್ರಲ್ಲೇ ಕಾಶಿಗೆ ಹೋಗಣ ಕಣೇ, ಲಾಡ್ಜು ಗೀಡ್ಜು ಏನೂ ಬೇಡ" ಅಂದರು. ಕಾಶಿಗೆ ಇನ್ನೂ ಹೋಗಿಲ್ಲ.

ಆ ಗಾಡಿಗೆ ಕಿರೀಟದ ಹಾಗೆ ಬಂದದ್ದು ಆನಿಂಗು. ಬೆಂಗಳೂರಿನ ಯಾರೋ ತಮ್ಮ ದೊಡ್ಡ ಗಾಡಿಯಿಂದ ಬಿಚ್ಚಿ ಮಾರಿದ್ದು. ಬಾಗಿಲಿರುವ ಮಗ್ಗುಲಲ್ಲಿ, ಮೇಲುಗಡೆ, ಉದ್ದನೆಯ ಪೆಟ್ಟಿಗೆಯೊಳಗೆ ದಪ್ಪ ಬಟ್ಟೆ ಸುತ್ತಿಕೊಂಡಿರುತ್ತದೆ. ಸ್ವಿಚ್ ಒತ್ತಿದರೆ ಮೋಟರು ಗೊರ್ರೆಂದು ಎರಡು ತೋಳು ಚಾಚಿ ಅದನ್ನು ಹೊರಗೆ ಬಿಡುತ್ತದೆ. ಈ ತುದಿಗೊಂದು ಆ ತುದಿಗೊಂದು ಕಾಲು ನಿಲ್ಲಿಸಿದರೆ ಮುಗಿಯಿತು, ಬಾಗಿಲ ಮುಂದೆ ಚಪ್ಪರ ರೆಡಿ. ಊರಿನವರು ಮೊದಲ ದಿನವೇ ಅದಕ್ಕೆ ಕರೆಂಟ್ ಚಪ್ಪರ ಅಂತ ಹೆಸರಿಟ್ಟರು. ನಮ್ಮ ಕಡೆ ಚಪ್ಪರ ಎದ್ದಿತು ಅಂದರೆ ಒಂದೋ ಮದುವೆ, ಇಲ್ಲಾ ಇನ್ನೊಂದು. ಇದು ದಿನಾ ಬೆಳಗ್ಗೆ ಏಳುತ್ತಿತ್ತು, ದಿನಾ ಮಲಗುತ್ತಿತ್ತು. ರಸ್ತೆಯಲ್ಲಿ ಹೋಗುವವರು ನಿಂತು, "ಏನಮ್ಮಾ, ಮದ್ವೆನಾ?" ಅಂತ ಕೇಳುವರು. ಇಲ್ಲ ಅಂದರೆ ಮುಖ ಸಪ್ಪಗೆ ಮಾಡಿಕೊಂಡು, "ಮತ್ತೆ ಯಾರು ಹೋದ್ರು?" ಅನ್ನುವರು.

ಆ ವರ್ಷ ಮುಂಗಾರಿಗೆ ಮೊದಲು ನಾವು ನಮ್ಮ ಹಳೆಯ ಹೆಂಚಿನ ಮನೆಯನ್ನು ಕೆಡವಿ, ಅದೇ ಜಾಗದಲ್ಲಿ ಹೊಸ ಮನೆಗೆ ಕೈ ಹಾಕಿದೆವು. ಮನೆ ಏಳುವವರೆಗೆ ಬಾಡಿಗೆ ಮನೆ ಯಾಕೆ, ಗಾಡಿಯಲ್ಲೇ ಇರೋಣ ಅಂತ ಇವರ ತೀರ್ಮಾನ. ಮನೆ ಕಟ್ಟಿ ನೋಡು ಅಂದಿದ್ದಾರೆ ಹಿರಿಯರು, ಗಾಡಿಯಲ್ಲಿ ಕೂತು ಕಟ್ಟಿ ನೋಡು ಅಂತ ಯಾರೂ ಅಂದಿರಲಿಲ್ಲ. ಒಳಗೆ ಇಬ್ಬರು ಎದ್ದು ನಿಂತರೆ ಒಬ್ಬರು ಕೂರಬೇಕು. ಹಾಗಾಗಿ ಒಲೆ, ಊಟ, ಬಂದವರಿಗೆ ಕುರ್ಚಿ, ಸಿಮೆಂಟಿನ ಮೂಟೆ ಎಲ್ಲವೂ ಕರೆಂಟ್ ಚಪ್ಪರದ ಕೆಳಗೇ.

ಇಲ್ಲಿ ನಮ್ಮ ಮನೆಯ ಜಗಳ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಜಾಗದ ಪಕ್ಕದ್ದೇ ಇವರ ಅಣ್ಣ ರುದ್ರಪ್ಪನವರದು, ನನ್ನ ಭಾವ. ಭಾಗವಾದಾಗ ಹಳೆಯ ಮನೆ ನಮಗೆ ಬಂತು, ಭಾವ ಉಳಿದರ್ಧದಲ್ಲಿ ಹೊಸದಾಗಿ ಮನೆ ಕಟ್ಟಿಕೊಂಡರು. ಗಡಿಕಲ್ಲು ನೆಟ್ಟ ಮೇಲೆ ನೋಡಿದರೆ, ನಮ್ಮ ಹೆಂಚಿನ ಸೂರು ಅವರ ಕಡೆಗೆ ಒಂದು ಗೇಣು ಚಾಚಿತ್ತು. ಮಳೆ ಬಂದರೆ ಸೂರಿನ ನೀರು ಅವರ ನೆಲಕ್ಕೆ. ಊರಿನಲ್ಲಿ ಒಂದು ನಂಬಿಕೆ ಇದೆ: ಸೂರಿನ ನೀರು ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಯವರೆಗೆ ಆ ಮನೆಯ ಜಾಗ. "ಇವತ್ತು ನೀರು ಬಿಟ್ಕೊಂಡ್ರೆ ನಾಳೆ ನೆಲ ಬಿಟ್ಕೊಟ್ಟಂಗೆ, ಹೆಂಚು ಕತ್ತರ್ಸು" ಅಂದರು ಭಾವ. "ಅಪ್ಪ ಹೊದಿಸಿದ ಸೂರಿಗೆ ಕತ್ತಿ ಹಾಕಲ್ಲ" ಅಂದರು ಇವರು. ಹಿರಿಯರು ಬಂದು ಕೂತರು. ಒಬ್ಬರು ಹೌದಂದರು, ಇನ್ನೊಬ್ಬರು ಅಲ್ಲವಂದರು, ಎಲ್ಲರೂ ಊಟ ಮಾಡಿ ಎದ್ದು ಹೋದರು. ಅವತ್ತು ನಿಂತ ಮಾತು ಆಮೇಲೆ ಹುಟ್ಟಲೇ ಇಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವುದು ಸುಮ್ಮನೆ ಬಂದ ಗಾದೆಯಲ್ಲ.

ಹೆಂಗಸರಿಗೆ ಆ ಕಟ್ಟು ಇರಲಿಲ್ಲ. ಭಾವನ ಹೆಂಡತಿ ಜಯಕ್ಕ ಗಡಿಕಲ್ಲಿನ ಆ ಕಡೆ ನಿಂತು ಕರಿಬೇವು ಕೊಡುವಳು, ನಾನು ಈ ಕಡೆ ನಿಂತು ಹೆಪ್ಪು ಕೊಡುವೆ. ನನಗೆ ಇದ್ದ ಆಸೆ ಒಂದೇ. ಜಗಳಕ್ಕೆ ಕಾರಣವಾದ ಸೂರೇ ಈಗ ಮಣ್ಣು ಪಾಲಾಗಿದೆ. ಹೊಸ ಮನೆಯ ಪಾಯ ಮುಗಿದ ಕೂಡಲೇ ಕಾಂಪೌಂಡು ಎಬ್ಬಿಸಬೇಕು, ಅದೂ ಆಳೆತ್ತರ, ಅಂತ ಇವರು ಮೇಸ್ತ್ರಿಗೆ ಹೇಳಿಯಾಗಿತ್ತು. ಆ ಗೋಡೆ ಏಳುವ ಮೊದಲು, ಈ ಒಂದು ಮಳೆಗಾಲದಲ್ಲಿ, ಅಣ್ಣತಮ್ಮಂದಿರು ಒಂದು ಮಾತಾಡಿಬಿಡಲಿ. ಗೋಡೆ ಎದ್ದ ಮೇಲೆ ಇನ್ಯಾರು ಯಾರ ಮುಖ ನೋಡುತ್ತಾರೆ? ಬೈಯಲಿಕ್ಕಾದರೂ ಸರಿ, ಮಾತಾಡಲಿ.

ಅಲ್ಲಿಯವರೆಗೆ ಬರೀ ತುಂತುರು, ಮಘೆಗೆ ಮಳೆ ಜೋರಾಯಿತು. ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು ಅಂತಾರೆ. ರಾಗಿಗೆ ಒಳ್ಳೇದು, ಚಪ್ಪರಕ್ಕಲ್ಲ. ಮೊದಲ ಸಂಜೆಯೇ ಬಟ್ಟೆಯ ನಡುವೆ ನೀರು ನಿಂತು ಹೊಟ್ಟೆ ಇಳಿಬಿಟ್ಟಿತು. ಮಾರಿದವರಿಗೆ ಫೋನ್ ಮಾಡಿದರೆ, "ಎರಡು ಕಾಲನ್ನೂ ಸಮ ನಿಲ್ಲಿಸಿದ್ದೀರಾ? ಒಂದು ಕಡೆ ಕಾಲು ತಗ್ಗಿಸಿ ಸಾರ್, ನೀರು ತಾನೇ ಹರಿದು ಹೋಗುತ್ತೆ. ನೀರು ನಿಂತಾಗ ಮಾತ್ರ ಮೋಟರ್ ಆನ್ ಮಾಡಬೇಡಿ, ಭಾರಕ್ಕೆ ತೋಳು ಮುರಿಯುತ್ತೆ" ಅಂದರು. ಕಾಲಿಗೆ ಒಂದು ಗುಂಡಿ ಇದೆ, ಒತ್ತಿದರೆ ಕಾಲು ಗಿಡ್ಡವಾಗುತ್ತದೆ. ಇಷ್ಟೇನಾ ಅಂದುಕೊಂಡೆವು.

ಆದರೆ ಯಾವ ಕಾಲು?

ಒಂದು ಕಡೆ ಜಲ್ಲಿ, ಇನ್ನೊಂದು ಕಡೆ ಮರಳು, ನಡುವೆ ತೆಂಗಿನ ಮರ. ಗಾಡಿ ನಿಲ್ಲಲು ಇದ್ದದ್ದು ಒಂದೇ ಜಾಗ. ಮೂತಿ ಭಾವನ ಅಂಗಳದ ಕಡೆ, ಬಾಲ ನಮ್ಮ ಪಾಯದ ಗುಂಡಿಯ ಕಡೆ. ಮುಂದಿನ ಕಾಲು ತಗ್ಗಿಸಿದರೆ ನೀರು ಗಡಿಕಲ್ಲು ದಾಟಿ ಭಾವನ ನೆಲಕ್ಕೆ. ಹಿಂದಿನ ಕಾಲು ತಗ್ಗಿಸಿದರೆ ನಮ್ಮದೇ ಪಾಯಕ್ಕೆ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ನಮಗೆ ಅತ್ತ ಭಾವ ಇತ್ತ ಪಾಯ. ಇವರು ಯೋಚನೆ ಮಾಡದೆ ಹಿಂದಿನ ಕಾಲು ತಗ್ಗಿಸಿದರು. ಬೆಳಗ್ಗೆ ಎದ್ದು ನೋಡಿದರೆ ಗುಂಡಿಯ ಒಂದು ಮಗ್ಗುಲು ಕುಸಿದು ಕೂತಿತ್ತು. "ಏನ್ ಸ್ವಾಮಿ, ಮನೆ ಕಟ್ಸ್ತಿದೀರೋ ಬಾವಿ ತೆಗಿಸ್ತಿದೀರೋ?" ಅಂತ ಮೇಸ್ತ್ರಿ ತಲೆ ಚಚ್ಚಿಕೊಂಡ.

"ಹಂಗಾದ್ರೆ ಮುಂದಿನ ಕಾಲು ತಗ್ಸಿ" ಅಂದೆ.

"ಸುಮ್ನಿರೇ. ಸೂರು ಹೋಯ್ತು ಅಂತ ಈಗ ತಾನೆ ಅವ್ನು ಉಸಿರು ಬಿಟ್ಟವ್ನೆ. ಒಂದು ಹನಿ ಆಚೆ ಬಿದ್ರೆ ಬಾಯಿ ಬುಡ್ತಾನೆ."

"ಬುಡ್ಲಿ ಅಂತ್ಲೇ ನಾನು ಕಾಯ್ತಿರೋದು."

ಇವರು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿ ಒಳಗೆ ಹೋದರು.

ಆಮೇಲೆ ಉಳಿದದ್ದು ನಾನು ಮತ್ತು ಪೊರಕೆ. ಎರಡೂ ಕಾಲು ಸಮ ನಿಲ್ಲಿಸುವುದು, ಮಳೆ ಬಂದಾಗ ಕೆಳಗೆ ನಿಂತು ಪೊರಕೆಯ ಮೆತ್ತನೆಯ ತುದಿಯಿಂದ ಬಟ್ಟೆಯ ಹೊಟ್ಟೆಯನ್ನು ಮೇಲೆತ್ತುವುದು, ನಡುವಿನ ಅಂಚಿನಿಂದ ಭಳ್ಳನೆ ಸುರಿಯುವ ನೀರಿಗೆ ಡ್ರಮ್ಮು ಇಡುವುದು. ಗಾಳಿ ಬಂದರೆ ಹೊರಗೆ ಓಡಿ ಸ್ವಿಚ್ ಒತ್ತಿ ಸುತ್ತಿಸುವುದು. ಹಸಿಯಲ್ಲೇ ಸುತ್ತಿದ ಬಟ್ಟೆ ಒಳಗೊಳಗೇ ಬೂಷ್ಟು ಹಿಡಿದು ನಾರುತ್ತಿತ್ತು, ಬೆಳಗ್ಗೆ ಬಿಸಿಲಿಗೆ ಮತ್ತೆ ಬಿಚ್ಚಬೇಕು. ಸ್ಕೂಲಿಗೆ ಹೋದರೂ ನನ್ನ ಕಣ್ಣು ಕಿಟಕಿಯಾಚೆ, ಮೋಡದ ಮೇಲೆ. ನನ್ನ ಸೀರೆಯೂ ಬೂಷ್ಟು ನಾರುತ್ತದೇನೋ ಅಂತ ಮೇಡಮ್ಮುಗಳಿಂದ ದೂರ ಕೂರುತ್ತಿದ್ದೆ.

ಭಾವ ದಿನಾ ಸಂಜೆ ತಮ್ಮ ಜಗುಲಿಯ ಮೇಲೆ ಕೂತು ನನ್ನ ಈ ಪೊರಕೆ ಕುಣಿತ ನೋಡುವರು. ನಗುತ್ತಿದ್ದರೋ, ಗಡಿಕಲ್ಲನ್ನು ಕಾಯುತ್ತಿದ್ದರೋ, ದೂರದಿಂದ ತಿಳಿಯುತ್ತಿರಲಿಲ್ಲ. "ಭಾವ ಏನಂತಾರೆ ಅಕ್ಕ?" ಅಂತ ಜಯಕ್ಕನನ್ನು ಕೇಳಿದರೆ, "ಏನೂ ಅನ್ನಲ್ಲ ಕಣೇ. ಮಳೆ ಬಂದ್ರೆ ಕುರ್ಚಿ ಈ ಕಡೆ ತಿರುಗಿಸ್ಕೊಂಡು ಕೂತ್ಕತಾರೆ. ಸೀರಿಯಲ್ ನೋಡ್ದಂಗೆ" ಅಂದಳು. ಇದನ್ನು ಒಳ್ಳೆಯದು ಅಂತ ತಿಳಿಯಬೇಕೋ ಕೆಟ್ಟದು ಅಂತ ತಿಳಿಯಬೇಕೋ?

ಹೀಗೇ ಉತ್ತರೆ ಕಳೆಯಿತು, ಹಸ್ತ ಕಳೆಯಿತು. ಪಾಯಕ್ಕೆ ಕಲ್ಲು ಕೂರಿಸಲು ಶುರು ಮಾಡಿದರು. ಕಾಂಪೌಂಡಿಗೆ ಸಿಮೆಂಟ್ ಇಟ್ಟಿಗೆಯೂ ಬಂದು ಗಡಿಕಲ್ಲಿನ ಪಕ್ಕ ಇಳಿಯಿತು.

ಚಿತ್ತೆ ಮಳೆಯ ಒಂದು ದಿನ. ಇವರು ಕಿಟಕಿ ಬಾಗಿಲು ನೋಡಿ ಬರಲು ತುಮಕೂರಿಗೆ ಹೋಗಿದ್ದರು. ನಾನು ಬೆಳಗ್ಗೆ ಬಟ್ಟೆ ಒಣಗಲಿ ಅಂತ ಚಪ್ಪರ ಬಿಚ್ಚಿಟ್ಟು ಸ್ಕೂಲಿಗೆ ಹೋಗಿದ್ದೆ. ಸಂಜೆ ಬಸ್ಸಿಳಿಯುವಾಗಲೇ ಹುತ್ರಿದುರ್ಗದ ಬೆಟ್ಟ ಕಾಣದ ಹಾಗೆ ಮೋಡ ಕವಿದು ಮಳೆ ಸುರಿಯುತ್ತಿತ್ತು. ಓಡಿ ಬಂದು ನೋಡುತ್ತೇನೆ, ಬಟ್ಟೆ ದಿನ ತುಂಬಿದ ಬಸುರಿಯ ಹೊಟ್ಟೆಯ ಹಾಗೆ ಜೋತು ಬಿದ್ದಿದೆ. ಅದರ ಕೆಳಗೇ ಸಿಮೆಂಟಿನ ಮೂಟೆ, ಗ್ಯಾಸ್ ಒಲೆ. ಪೊರಕೆ ಹಾಕಿ ಎತ್ತಿದರೆ ಪೊರಕೆಯೇ ಬಾಗಿತು, ಹೊಟ್ಟೆ ಅಲುಗಲಿಲ್ಲ. ಗಾಡಿಯ ಮಗ್ಗುಲಿನಲ್ಲಿ ತೋಳು ಕಿರ್ರ್ ಕಿರ್ರ್ ಅನ್ನುತ್ತಿತ್ತು. ನೀರು ನಿಂತಾಗ ಸ್ವಿಚ್ ಒತ್ತಬಾರದು ಅಂತ ಗೊತ್ತಿದ್ದೂ ಗಾಬರಿಗೆ ಒತ್ತಿಬಿಟ್ಟೆ. ಬ್ಯಾಟರಿ ಇಳಿದು ಹೋಗಿತ್ತು, ಟಕ್ ಅಂತ ಒಂದು ಸದ್ದು ಬಂದು ಸುಮ್ಮನಾಯಿತು. ದೇವರು ದೊಡ್ಡವನು.

ಹಿಂದಿನ ಕಾಲು ತಗ್ಗಿಸೋಣ ಅಂದರೆ, ಪಾಯದಲ್ಲಿ ಅವತ್ತೇ ಮಧ್ಯಾಹ್ನ ಕಲ್ಲಿನ ಸಂದಿಗೆ ಸಿಮೆಂಟು ತುಂಬಿದ್ದರು. ಮೇಲೆ ಟಾರ್ಪಾಲು ಹೊದಿಸಿದ್ದರು ನಿಜ, ಇಷ್ಟು ನೀರು ಒಟ್ಟಿಗೆ ನುಗ್ಗಿದರೆ ಟಾರ್ಪಾಲೂ ಹೋಗುತ್ತದೆ, ಸಿಮೆಂಟೂ ಹೋಗುತ್ತದೆ. ಮುಂದಿನ ಕಾಲಿನ ಹತ್ತಿರ ಓಡಿದೆ. ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. ಮಾತಾಡಲಿ, ಜಗಳವಾದರೂ ಆಡಲಿ ಅಂತ ಎರಡು ತಿಂಗಳಿಂದ ಬಯಸಿದವಳು ನಾನೇ. ಈಗ ನನ್ನ ಕೈಯಿಂದಲೇ ಆ ನೀರು ಆ ಕಡೆ ಹೋಗಿ, ಮತ್ತೆ ಹಿರಿಯರು, ಮತ್ತೆ ನ್ಯಾಯ, ಕೊನೆಗೆ ಜಯಕ್ಕನ ಕರಿಬೇವೂ ನಿಂತರೆ?

"ಇಳ್ಸೇ! ಏನ್ ನೋಡ್ಕೊಂಡು ನಿಂತಿದೀಯ? ಹರಿದು ತಲೆ ಮೇಲೆ ಬೀಳ್ತದೆ!" ಜಯಕ್ಕ ಜಗುಲಿಯಿಂದ ಕೂಗಿದಳು.

"ಭಾವ ಏನಂತಾರೋ ಅಕ್ಕ!"

ಭಾವ ಎದ್ದು ಬಂದರು. ತಲೆಗೆ ಗೋಣಿಚೀಲದ ಕೊಪ್ಪೆ, ಕೈಯಲ್ಲಿ ಗುದ್ದಲಿ. ಗಡಿಕಲ್ಲಿನ ಆ ಕಡೆಯೇ ನಿಂತು ಒಂದು ಸಲ ಬಟ್ಟೆಯ ಹೊಟ್ಟೆ ನೋಡಿದರು, ಒಂದು ಸಲ ಕಲ್ಲು ನೋಡಿದರು. ಗುದ್ದಲಿ ಯಾಕೆ ತಂದರೋ! ಅವರು ಕೈ ಚಾಚಿ, ನನ್ನ ಕೈ ಸರಿಸುವಂತೆ ಸನ್ನೆ ಮಾಡಿ, ತಾವೇ ಗುಂಡಿ ಒತ್ತಿ ಕಾಲನ್ನು ಕೆಳಗೆ ಜಾರಿಸಿದರು. ದಿನಾ ಕೂತು ನೋಡಿದ್ದು ಸುಮ್ಮನೆ ಅಲ್ಲ ಅಂತ ಕಾಣುತ್ತದೆ. ಅಷ್ಟೂ ನೀರು ಒಂದೇ ಉಸಿರಿಗೆ ಅವರ ಕಾಲ ಬುಡಕ್ಕೆ, ಅವರ ಅಂಗಳಕ್ಕೆ ಬಿತ್ತು. ಬಟ್ಟೆ ಹಗುರಾಗಿ ಮೇಲೆ ಹಾರಿತು.

ತಮ್ಮನ ಹೆಂಡತಿಯ ಜೊತೆ ನೇರ ಮಾತಾಡುವ ರೂಢಿ ಭಾವನಿಗೆ ಇಲ್ಲ. ಏನಿದ್ದರೂ ಜಯಕ್ಕನ ಮೂಲಕ. ಅವತ್ತು ನೆಲ ನೋಡಿಕೊಂಡೇ ಹೇಳಿದರು:

"ಗಾಡಿ ನೀರು ಸೂರಿನ ನೀರಲ್ಲ ಕಣಮ್ಮ. ಬೀಳ್ಲಿ ಬುಡು."

ಆಮೇಲೆ ಆ ಮಳೆಯಲ್ಲೇ, ನೀರು ಬಿದ್ದ ಜಾಗದಿಂದ ತಮ್ಮ ತೆಂಗಿನ ಮರದ ಪಾತಿಯವರೆಗೆ ಒಂದು ಕಾಲುವೆ ತೋಡಿದರು. ಹೊರಟೇ ಹೋದರು. ನಾನು "ಹೂಂ ಭಾವ" ಅಂದದ್ದು ಅವರಿಗೆ ಕೇಳಿಸಿತೋ ಇಲ್ಲವೋ.

ಒದ್ದೆ ಸೀರೆಯಲ್ಲೇ ಕೂತು ಆ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ದೊಡ್ಡ ಮನಸ್ಸಿನಿಂದ ಅಂದರಾ, ಜಗಳ ಸೂರಿನದು, ನಿನ್ನದಲ್ಲ ಅಂತ? ಇಲ್ಲಾ, ನಿಮಗೆ ಈಗ ಸೂರೇ ಇಲ್ಲ, ಇವತ್ತು ನಿಂತು ನಾಳೆ ಹೊರಡುವ ಗಾಡಿ, ನಿಮ್ಮ ನೀರಿಗೆ ಹಕ್ಕೂ ಇಲ್ಲ ಅಂತ ಅಂದರಾ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಒಂದು ಗಳಿಗೆ ಸಮಾಧಾನ, ಇನ್ನೊಂದು ಗಳಿಗೆ ಅವಮಾನ. ಕೊನೆಗೆ ಎರಡನ್ನೂ ಬಿಟ್ಟು ಒಲೆ ಹಚ್ಚಿದೆ.

ರಸ್ತೆಯ ಮೇಲೆ ನೀರು ಹರಿಯುತ್ತಿದೆ ಅಂತ ಇವರು ತುಮಕೂರಿನಲ್ಲೇ ಉಳಿದುಕೊಂಡು ಬೆಳಗ್ಗೆ ಬಂದರು. ಬಿಸಿಲು ಬಂದಿತ್ತು. ಗಾಡಿ ನೋಡಲಿಲ್ಲ, ಪಾಯ ನೋಡಲಿಲ್ಲ, ಮೊದಲು ಕಣ್ಣಿಗೆ ಬಿದ್ದದ್ದು ಆ ಕಾಲುವೆ.

"ಇದ್ಯಾರು ತೋಡಿದ್ದು?"

ನಡೆದದ್ದನ್ನೆಲ್ಲ ಹೇಳಿದೆ. ಭಾವನ ಮಾತನ್ನೂ ಹೇಳಿದೆ. ಇವರ ಮುಖ ಅರಳುತ್ತದೆ ಅಂತ ನಾನು ಕಾದಿದ್ದೆ. ಇವರು ಹುಬ್ಬು ಗಂಟಿಕ್ಕಿದರು.

"ಇದ್ರಲ್ಲೇನೋ ಐತೆ. ನಾಳೆ ಪಂಚಾಯ್ತಿಲಿ, ಇವ್ರ ನೀರು ನನ್ನ ಅಂಗಳ ಕೊರೆದು ಕಾಲುವೆ ಮಾಡ್ತು ನೋಡಿ ಅಂತಾನೆ. ತೋಡಿದ್ದು ಅವ್ನೇ ಅನ್ನೋಕೆ ಸಾಕ್ಷಿ ಎಲ್ಲೈತೆ?"

"ನಿಮ್ಗೆ ತಲೆ ನೆಟ್ಟಗೈತಾ? ಮಳೇಲಿ ನಿಂತು ನನ್ ಜೀವ ಉಳ್ಸವ್ರೆ!"

"ನಿಂಗೆ ಅವ್ನು ಗೊತ್ತಿಲ್ಲ. ನಾನು ಅವ್ನ ಜೊತೆ ಹುಟ್ಟಿದೋನು" ಅಂದವರೇ ಜೇಬಿನಿಂದ ಮೊಬೈಲ್ ತೆಗೆದು, ಗಡಿಕಲ್ಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕಾಲುವೆಯ ಫೋಟೋ ತೆಗೆಯಲು ಶುರು ಮಾಡಿದರು. ಈ ಕೋನದಿಂದ ಒಂದು, ಆ ಕೋನದಿಂದ ಒಂದು. ಭಾವ ಕೊಟ್ಟಿಗೆಯ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ನನಗೆ ನೆಲ ಬಾಯಿ ಬಿಡಬಾರದಾ ಅನ್ನಿಸಿತು. ಇಷ್ಟು ಕೋಪ ನನಗೆ ಇವರ ಮೇಲೆ ಯಾವತ್ತೂ ಬಂದಿರಲಿಲ್ಲ. ಎರಡು ತಿಂಗಳು ಪೊರಕೆ ಹಿಡಿದು ಕಾಪಾಡಿದ್ದೆಲ್ಲ ಒಂದು ಫೋಟೋಗೆ ಹೋಯಿತಲ್ಲ. ಜಯಕ್ಕ ಕೈಯಲ್ಲಿ ಚೊಂಬು ಹಿಡಿದು ಬಾಗಿಲಲ್ಲೇ ನಿಂತಳು.

ಭಾವ ಹುಲ್ಲು ಕೆಳಗೆ ಹಾಕಿ, ಗೋಡೆಗೆ ಒರಗಿಸಿದ್ದ ಗುದ್ದಲಿ ಎತ್ತಿಕೊಂಡು ನೇರವಾಗಿ ನಡೆದು ಬಂದರು. ಇವರು ತಲೆ ಎತ್ತಲಿಲ್ಲ. ಭಾವ ಕಾಲುವೆಯ ಪಕ್ಕ ಬಂದು ಗುದ್ದಲಿ ನೆಲಕ್ಕೂರಿ ನೆಟ್ಟಗೆ ನಿಂತರು.

"ಬರೀ ಮಣ್ಣಿನ ಫೋಟೋ ತೆಗೆದ್ರೆ ಯಾರು ತೋಡಿದ್ರು ಅಂತ ಹೆಂಗ್ಲಾ ಗೊತ್ತಾಯ್ತದೆ? ನಾನೂ ನಿಂತ್ಕತೀನಿ. ಸೇರಿಸಿ ತೆಗಿ. ನಾಳೆ ಯಾರಾರಾ ಕೇಳಿದ್ರೆ ತೋರ್ಸು."

ಇವರು ಕೂತಲ್ಲಿಂದಲೇ ಮೊಬೈಲಿನಲ್ಲಿ ಅಣ್ಣನನ್ನು ನೋಡಿದರು. ಆಮೇಲೆ ಮೊಬೈಲ್ ಇಳಿಸಿ ಬರಿಗಣ್ಣಿನಿಂದ ನೋಡಿದರು. ಬೈಗುಳವೋ ಒಪ್ಪಿಗೆಯೋ ಅವರಿಗೂ ತಿಳಿದಿರಲಿಲ್ಲ ಅಂತ ಅವರ ಮುಖವೇ ಹೇಳುತ್ತಿತ್ತು. ಕೊನೆಗೆ ಇವರು ಎದ್ದು ನಿಂತು ಮೊಬೈಲ್ ಮತ್ತೆ ಎತ್ತಿದರು.

"ಅಲ್ಲಿ ಬಿಸಿಲು ಎದುರಿಗೆ ಹೊಡೀತದೆ ಅಣ್ಣ, ಮುಖ ಕಪ್ಪಾಗಿ ಬರ್ತದೆ. ಒಸಿ ಈ ಕಡೆ ಬಾ."

ಭಾವ ಗುದ್ದಲಿ ಹಿಡಿದುಕೊಂಡೇ ಗಡಿಕಲ್ಲು ದಾಟಿ, ಚಪ್ಪರದ ಅಂಚಿಗೆ ಬಂದು ನಿಂತರು. ಇವರು ತೆಗೆದರು.

"ಕಾಣ್ತದಾ?"

"ಕಾಣ್ತದೆ."

"ಕಾಲುವೆ?"

"ಅದೂ ಕಾಣ್ತದೆ."

ನಾನು ಅಷ್ಟು ಹೊತ್ತಿಗೆ ಕಣ್ಣು ತುಂಬಿ ಗಾಡಿಯ ಬಾಗಿಲ ಕಡೆ ತಿರುಗಿಬಿಟ್ಟಿದ್ದೆ. ಬೆನ್ನ ಹಿಂದೆ ಮಾತು ಕೇಳುತ್ತಿತ್ತು, ಇದರಲ್ಲಿ ಯಾವುದು ಇವರದು, ಯಾವುದು ಭಾವನದು ಅಂತ ತಿಳಿಯಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಹಳೆಯ ಮನೆಯ ಅಡುಗೆಮನೆಯಲ್ಲಿ ನಿಂತು, ಪಡಸಾಲೆಯಲ್ಲಿ ಮಾತಾಡುತ್ತಿರುವುದು ಗಂಡನೋ ಭಾವನೋ ಗೊತ್ತಾಗದೆ ಯಾರಿಗೆ ಮೊದಲು ಕಾಫಿ ಹಿಡಿದು ಹೋಗಲಿ ಅಂತ ಪೇಚಾಡುತ್ತಿದ್ದೆ. ಇಬ್ಬರದೂ ಒಂದೇ ದನಿ. ಇಷ್ಟು ವರ್ಷ ಒಟ್ಟಿಗೆ ಕೇಳದೆ ಅದನ್ನು ನಾನು ಮರೆತೇಬಿಟ್ಟಿದ್ದೆ.